ಎದುರಾಳಿ ಹೇಳಿದ ಸಾಕ್ಷಿ

ನಮ್ಮ ಹಂಸಭಾವಿಯ ಸುತ್ತ, ಹಿರೇಕೆರೂರು–ಹಾನಗಲ್ಲ ಸೀಮೆಯಲ್ಲಿ, ವೀರಗಲ್ಲನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಕೆರೆ ಏರಿಯಲ್ಲೋ ಗುಡಿಯ ಪೌಳಿಯಲ್ಲೋ ಹೊಲದ ಬದುವಿನಲ್ಲೋ ಅವೇ ಎದುರಾಗುತ್ತವೆ. ಕೆಳಗೆ ಕಾಳಗ, ನಡುವೆ ಮಡಿದವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ವೀರ. ತುರು ಬಿಡಿಸಲು ಹೋಗಿ ಸತ್ತವನಿಗೂ ಕಲ್ಲು, ದಂಡಿನಲ್ಲಿ ಸತ್ತವನಿಗೂ ಕಲ್ಲು. ಆದರೆ ಕಲ್ಲು ನಿಲ್ಲಬೇಕಾದರೆ ಅವನು ಹೇಗೆ ಸತ್ತ ಎಂದು ಕಂಡವರೊಬ್ಬರು ಬೇಕು.

ನಾನು ವಾಯುಸೇನೆಯಲ್ಲಿ ಏರ್‌ಫ್ರೇಮ್ ಫಿಟ್ಟರ್ ಆಗಿದ್ದವ. ಸೇರಿದ್ದು ಎಪ್ಪತ್ತರ ದಶಕದ ನಡುವೆ. ಅಷ್ಟರಲ್ಲಿ ಮಿಸ್ಟೇರ್ ಯುದ್ಧವಿಮಾನಗಳು ಸೇವೆಯಿಂದ ಹೊರಟೇಹೋಗಿದ್ದವು. ಅವುಗಳ ಕಥೆ ಹಿರಿಯ ಫಿಟ್ಟರುಗಳ ಬಾಯಲ್ಲಿ ಉಳಿದಿತ್ತು. ನಮಗೊಂದು ಪುಸ್ತಕವಿರುತ್ತಿತ್ತು, ಫಾರ್ಮ್ 700. ಪೈಲಟ್ ಅದಕ್ಕೆ ಸಹಿ ಹಾಕಿ ವಿಮಾನ ತಗೊಂಡು ಹೋಗಬೇಕು, ಬಂದು ಮತ್ತೆ ಸಹಿ ಹಾಕಬೇಕು. ಏಣಿ ಹಿಡಿದು ಕಾದು ನಿಂತವನಿಗೆ ಎರಡನೇ ಸಹಿ ಬೀಳದ ಹಾಳೆ ಏನೆಂದು ಬೇರೆಯವರಿಗೆ ಹೇಳಿದರೆ ತಿಳಿಯಲಿಕ್ಕಿಲ್ಲ.

ಅಂಥ ಒಂದು ಹಾಳೆ 1965ರ ಭಾರತ–ಪಾಕಿಸ್ತಾನ ಯುದ್ಧದ್ದು, ಸೆಪ್ಟೆಂಬರ್ 7ರ ನಸುಕಿನದು. ಪಂಜಾಬಿನ ಆದಂಪುರದಿಂದ 1ನೇ ಸ್ಕ್ವಾಡ್ರನ್ನಿನ ಮಿಸ್ಟೇರ್‌ಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ಮುಂದಾಳು ವಿಂಗ್ ಕಮಾಂಡರ್ ಓ.ಪಿ. ತನೇಜಾ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅಂದು ಕಾಯ್ದಿರಿಸಿದ ಆಳು. ಯಾರದಾದರೂ ವಿಮಾನ ಕೈಕೊಟ್ಟರೆ ಮಾತ್ರ ಅವರ ಸರದಿ. ಒಂದು ಕೈಕೊಟ್ಟಿತು, ದೇವಯ್ಯ ಬೆನ್ನು ಹತ್ತಿದರು. ಸರ್ಗೋಧಾ ಮುಟ್ಟಿ ಬರುವುದು ಮಿಸ್ಟೇರ್‌ನ ಇಂಧನಕ್ಕೆ ತುದಿಮಟ್ಟದ ದೂರ. ದಾರಿಯಲ್ಲಿ ಜಗಳಕ್ಕೆ ನಿಂತರೆ ಮನೆಗೆ ಬರುವಷ್ಟು ಉಳಿಯದು. ಇದು ದೇವಯ್ಯನವರಿಗೆ ಗೊತ್ತಿರಲಿಲ್ಲವೇ? ಅವರು ಬೇರೆಯವರಿಗೆ ಹಾರಾಟ ಕಲಿಸಿದ ಗುರು.

ಅವರು ಹಿಂದಿರುಗಲಿಲ್ಲ. ಜೊತೆಯವರಾರೂ ಏನನ್ನೂ ಕಂಡಿರಲಿಲ್ಲ. ಕಡತದಲ್ಲಿ ‘ಕಾಣೆ’ ಎಂದಾಯಿತು. ವಯಸ್ಸು 32.

ಮುಂದೆ 1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕನ ಪುಸ್ತಕ ಬಂತು, ಆ ಯುದ್ಧದಲ್ಲಿ ಪಾಕಿಸ್ತಾನದ ವಾಯುಸೇನೆ ಏನು ಮಾಡಿತೆಂಬ ಕುರಿತು. ಅದರಲ್ಲಿತ್ತು ನೋಡಿ: ಅಂದು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಅವರ ಸ್ಟಾರ್‌ಫೈಟರ್ ಹಿಂದಿರುಗುತ್ತಿದ್ದ ಮಿಸ್ಟೇರ್ ಒಂದರ ಮೇಲೆ ಎರಗಿತು. ಸ್ಟಾರ್‌ಫೈಟರ್ ಎಂದರೆ ಶಬ್ದದ ಎರಡು ಪಟ್ಟು ವೇಗದ ವಿಮಾನ. ಮಿಸ್ಟೇರ್ ಅದರ ಮುಂದೆ ಎತ್ತಿನ ಬಂಡಿ. ಆದರೂ ಗುಂಡೇಟು ತಿಂದ ಬಂಡಿ ತಿರುಗಿ ಬಿದ್ದು ಸ್ಟಾರ್‌ಫೈಟರನ್ನು ಕೆಡವಿತು. ಅಮ್ಜದ್ ಹಾರಿಕೊಂಡು ಬದುಕಿದರು. ಆ ಹೊತ್ತಿನಲ್ಲಿ ಆ ಜಾಗದಲ್ಲಿ ಇರಬಹುದಾಗಿದ್ದ ಮಿಸ್ಟೇರ್ ಒಂದೇ, ದೇವಯ್ಯನವರದು.

ತನೇಜಾ ಪಟ್ಟು ಹಿಡಿದು ಕೇಂದ್ರ ಕಚೇರಿಗೆ ಬರೆದರು. 1988ರಲ್ಲಿ, ಇಪ್ಪತ್ಮೂರು ವರ್ಷಗಳ ಮೇಲೆ, ದೇವಯ್ಯನವರಿಗೆ ಮಹಾವೀರ ಚಕ್ರ ಬಂತು. ನಾನಾಗ ಸೇವೆಯಲ್ಲಿದ್ದೆ. ಸುದ್ದಿ ಕೇಳಿದ ಹಳೇ ಫಿಟ್ಟರೊಬ್ಬರು ಚಹಾದ ಲೋಟ ಕೆಳಗಿಟ್ಟು ಬಹಳ ಹೊತ್ತು ಮಾತಾಡಲಿಲ್ಲ.

ಈಚೆಗೆ, 2025ರಲ್ಲಿ, ಇದೇ ಕಥೆಯ ಮೇಲೆ ಹೆಸರು ಬದಲಿಸಿ ಹಿಂದಿಯಲ್ಲಿ ‘ಸ್ಕೈ ಫೋರ್ಸ್’ ಸಿನಿಮಾ ಬಂತು. ಮೊಮ್ಮಗ ನೋಡಿ ಬಂದು, "ಅಜ್ಜಾ, ಇದು ಖರೇನs?" ಅಂದ. ಸಿನಿಮಾದ ಮಾತು ಬಿಟ್ಟು ಅವನನ್ನು ಹಾನಗಲ್ಲಿಗೆ ಕರಕೊಂಡು ಹೋದೆ, ತಾರಕೇಶ್ವರ ಗುಡಿಯ ಆವರಣದ ದೊಡ್ಡ ವೀರಗಲ್ಲಿನ ಮುಂದೆ ನಿಲ್ಲಿಸಿದೆ. ಕೆಳಗಿನ ಸಾಲುಗಳಲ್ಲಿ ಕಿಕ್ಕಿರಿದ ಕಾಳಗ.

"ಇದರಾಗ ನಮ್ಮವರು ಯಾರು, ವೈರಿ ಯಾರು?" ಎಂದು ಕೇಳಿದ. ಕನ್ನಡಕ ತೆಗೆದು ಒರೆಸಿಕೊಂಡು ಹತ್ತಿರ ಹೋಗಿ ನೋಡಿದೆ.