ಮೇದೋಜೀರಕದ ಜಾಡು ಹಿಡಿದ ರಕ್ತ ಪರೀಕ್ಷೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ರೇಷ್ಮೆ ಸೀಮೆಗೆ ರೋಗಪತ್ತೆಯ ಪರೀಕ್ಷೆ ಹೊಸದಲ್ಲ. ಬಿತ್ತನೆ ಕೋಠಿಯಲ್ಲಿ ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು, ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಗಂಟುರೋಗದ ಕಣ ಕಂಡರೆ ಮೊಟ್ಟೆಗಳನ್ನು ಸುಟ್ಟುಹಾಕುತ್ತಾರೆ. 1860ರ ದಶಕದಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ರೂಪಿಸಿದ ಕ್ರಮವಿದು. ಮನುಷ್ಯನ ಮೇದೋಜೀರಕ ಗ್ರಂಥಿ ಮಾತ್ರ ಇಷ್ಟು ಸಲೀಸಾಗಿ ಗುಟ್ಟು ಬಿಟ್ಟುಕೊಡಲಿಲ್ಲ.

ಈ ಸೀಮೆಯ ಜನ ದೊಡ್ಡಾಸ್ಪತ್ರೆಯೆಂದು ನಂಬಿ ಹೋಗುವ ಬೆಂಗಳೂರಿನ ವಿಕ್ಟೋರಿಯಾ 1900ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆದಾಗ, ಜಠರದ ಹಿಂದೆ ಅಡಗಿರುವ ಈ ಗ್ರಂಥಿಯ ಕಾಯಿಲೆಗೆ ಬಳಕೆಯ ರಕ್ತ ಪರೀಕ್ಷೆ ಎಲ್ಲಿಯೂ ಇರಲಿಲ್ಲ. 1908ರಲ್ಲಿ ಬರ್ಲಿನ್ನಿನ ಯೂಲಿಯಸ್ ವೋಲ್‌ಗೆಮುಟ್, ಪಿಷ್ಟ ಕರಗಿಸುವ ಅಮೈಲೇಸ್ ಎಂಬ ಕಿಣ್ವವನ್ನು ಅಳೆಯುವ ದಾರಿ ತೋರಿಸಿದರು. ಪಿಷ್ಟದ ದ್ರಾವಣಕ್ಕೆ ರೋಗಿಯ ಮೂತ್ರ ಬೆರೆಸಿ ಬೆಚ್ಚಗಿಟ್ಟು, ಆಮೇಲೆ ಅಯೋಡಿನ್ ಹಾಕುವುದು. ನೀಲಿ ಮೂಡಿದರೆ ಪಿಷ್ಟ ಉಳಿದಿದೆ, ಮೂಡದಿದ್ದರೆ ಕಿಣ್ವ ಅದನ್ನು ಕರಗಿಸಿದೆ. 1929ರಲ್ಲಿ ಅಮೆರಿಕದ ರಾಬರ್ಟ್ ಎಲ್ಮನ್ ಮತ್ತು ಸಂಗಡಿಗರು ರಕ್ತದ ಅಮೈಲೇಸನ್ನು ಈ ಗ್ರಂಥಿಯ ಕಾಯಿಲೆಯೊಂದಿಗೆ ತಾಳೆ ನೋಡಿದರು. 1932ರಲ್ಲಿ ಚೆರಿ ಮತ್ತು ಕ್ರ್ಯಾಂಡಲ್ ಎಂಬ ಸಂಶೋಧಕರು ಆಲಿವ್ ಎಣ್ಣೆ ಬಳಸಿ, ಕೊಬ್ಬು ಕರಗಿಸುವ ಕಿಣ್ವ ಲೈಪೇಸನ್ನು ಅಳೆದರು.

ಗ್ರಂಥಿಗೆ ದಿಢೀರನೆ ಬರುವ ಉರಿಯೂತದ ಪತ್ತೆಗೆ ಈ ಪರೀಕ್ಷೆಗಳು ಒದಗಿಬಂದವು. ದೀರ್ಘಕಾಲದ ಉರಿಯೂತದಲ್ಲಿ ಸೋತವು. ವರ್ಷಗಟ್ಟಲೆ ಬೆಂದ ಗ್ರಂಥಿ ನಾರುಗಟ್ಟಿ ಕುಗ್ಗುತ್ತದೆ, ಕಿಣ್ವ ಸ್ರವಿಸುವ ಶಕ್ತಿಯೇ ಇಳಿಯುತ್ತದೆ. ನೋವು ಹಿಂಡುತ್ತಿದ್ದರೂ ವರದಿ ‘ನಾರ್ಮಲ್’ ಎನ್ನಬಹುದು.

ದಕ್ಷಿಣ ಭಾರತಕ್ಕೆ ಈ ದೀರ್ಘಕಾಲದ ಉರಿಯೂತ ಹತ್ತಿರದ ಸಂಗತಿ. 1959ರಲ್ಲಿ ಜುಯಿಡೆಮಾ ಎಂಬ ವೈದ್ಯರು ಇಂಡೊನೇಷ್ಯಾದ ಬಡ ರೋಗಿಗಳಲ್ಲಿ ಕಲ್ಲುಗಟ್ಟಿದ ಗ್ರಂಥಿಯನ್ನೂ ಮಧುಮೇಹವನ್ನೂ ಒಟ್ಟಿಗೆ ಗುರುತಿಸಿದರು. 1960ರ ದಶಕದಲ್ಲಿ ಕೇರಳದ ಡಾ. ಗೀವರ್ಗೀಸ್, ಮದ್ಯ ಮುಟ್ಟದ ಎಳೆಯರಲ್ಲೂ ಇದನ್ನು ದೊಡ್ಡ ಸಂಖ್ಯೆಯಲ್ಲಿ ದಾಖಲಿಸಿದರು. ಕಲ್ಲು ತೋರಿಸಿದ್ದು ಎಕ್ಸ್‌ರೇ, ಸಕ್ಕರೆ ತೋರಿಸಿದ್ದು ರಕ್ತ. ಇದಕ್ಕೆ ಕಾರಣವೆಂದು ಮರಗೆಣಸಿನ ಮೇಲೆ ಬಿದ್ದ ಅನುಮಾನ ಗಟ್ಟಿಯಾಗಿ ನಿಲ್ಲಲಿಲ್ಲ. 2002ರಲ್ಲಿ ಹೈದರಾಬಾದಿನ ಸಂಶೋಧಕರು ಈ ಕಾಯಿಲೆಗೂ ಸ್ಪಿಂಕ್-1 ಜೀನ್‌ನ ಬದಲಾವಣೆಗೂ ಇರುವ ನಂಟು ತೋರಿಸಿದರು.

ಹಾಗೆಂದು ರಕ್ತ ಪರೀಕ್ಷೆ ವ್ಯರ್ಥವಲ್ಲ. ಸಕ್ಕರೆ ಮತ್ತು ಎಚ್‌ಬಿಎ1ಸಿ, ಗ್ರಂಥಿಗೆ ಆಗಿರುವ ಹಾನಿಯ ಸುಳಿವು ಕೊಡುತ್ತವೆ. ಟ್ರೈಗ್ಲಿಸರೈಡ್, ಕ್ಯಾಲ್ಸಿಯಂ ಕಾರಣ ಹುಡುಕಲು ನೆರವಾಗುತ್ತವೆ. ಗ್ರಂಥಿ ತಯಾರಿಸುವ ಟ್ರಿಪ್ಸಿನೋಜೆನ್ ರಕ್ತದಲ್ಲಿ ತೀರಾ ಇಳಿದಿದ್ದರೆ ರೋಗ ಬಲಿತಿರುವ ಸೂಚನೆ. ಆದರೆ ರೋಗವನ್ನು ಖಚಿತಪಡಿಸಲು ಸಿ.ಟಿ., ಎಂ.ಆರ್.ಐ. ಅಥವಾ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಬೇಕು.

ಮೇಲ್ಹೊಟ್ಟೆಯ ನೋವು ಬೆನ್ನಿಗೆ ಹರಿಯುತ್ತ ಪದೇ ಪದೇ ಮರಳಿದರೆ, ಮಲ ಜಿಡ್ಡಾಗಿ ತೂಕ ಇಳಿದರೆ, ಗ್ಯಾಸೆಂದು ಮಾತ್ರೆ ನುಂಗಿ ದಿನ ದೂಡಬೇಡಿ. ಅಮೈಲೇಸ್ ಸರಿಯಿದೆಯೆಂದು ಸುಮ್ಮನಾಗದೆ ತಜ್ಞರನ್ನು ಕಾಣಿ. ಮದ್ಯ, ತಂಬಾಕನ್ನು ಇಂದೇ ಬಿಡಿ.