ಮುನೀಮನ 499 ರೂಪಾಯಿ

ಕರಾರು ಕಾನೂನಿನ ಪಾಠ ಕೇಳಿದವರಿಗೆಲ್ಲ ಲಾಲ್ಮನ್ ಶುಕ್ಲನ ಹೆಸರು ಗೊತ್ತಿರುತ್ತದೆ. 1913ರಲ್ಲಿ ಅಲಹಾಬಾದ್ ಹೈಕೋರ್ಟಿನಲ್ಲಿ ಸೋತವನು. ಬಹುಮಾನದ ಸುದ್ದಿ ತಿಳಿಯದೆ ಓಡಿಹೋದ ಹುಡುಗನನ್ನು ಪತ್ತೆ ಮಾಡಿದ. ತಿಳಿಯದ ಪ್ರಸ್ತಾಪವನ್ನು ಒಪ್ಪಿಕೊಳ್ಳಲು ಬಾರದು, ಹಾಗಾಗಿ ಕರಾರಿಲ್ಲ, ಹಣವೂ ಇಲ್ಲ. ಪರೀಕ್ಷೆಗೆ ಇಷ್ಟು ಸಾಕು. ಮೂಲ ತೀರ್ಪನ್ನು ಓದುವವರೆಗೆ ನಾನೂ ಇಷ್ಟನ್ನೇ ನಂಬಿದ್ದೆ.

ಲಾಲ್ಮನ್ ಕಾನ್ಪುರದ ಗೌರಿದತ್ತನ ಅಂಗಡಿಯ ಮುನೀಮ, ಅಂದರೆ ಲೆಕ್ಕ ಬರೆಯುವವನು. ಧಣಿಯ ಸಂಬಂಧದ ಹುಡುಗ ಮನೆಬಿಟ್ಟು ಹೋದಾಗ ಆಳುಗಳನ್ನು ದಿಕ್ಕುದಿಕ್ಕಿಗೆ ಅಟ್ಟಲಾಯಿತು. ಮುನೀಮನನ್ನು ರೈಲು ಖರ್ಚು ಕೊಟ್ಟು ಹರಿದ್ವಾರಕ್ಕೆ ಕಳಿಸಿದರು. ಅವನು ಹೊರಟ ಮೇಲೆ, ಹುಡುಗನನ್ನು ಹುಡುಕಿದವರಿಗೆ 501 ರೂಪಾಯಿ ಎಂಬ ಕರಪತ್ರ ಹೊರಬಿತ್ತು. ಹುಡುಗ ಋಷಿಕೇಶದಲ್ಲಿ ಸಿಕ್ಕ. ಲಾಲ್ಮನ್ ತಂತಿ ಕಳಿಸಿದ, ಧಣಿ ಬಂದು ಕರೆದೊಯ್ದ. ಕೈಗೆ ಬಂದದ್ದು ಎರಡು ಸವರನ್, ಊರಿಗೆ ಮರಳಿದ ಮೇಲೆ 20 ರೂಪಾಯಿ. ಆಗ ಅವನು ಹೆಚ್ಚು ಕೇಳಲಿಲ್ಲ. ಸುಮಾರು ಆರು ತಿಂಗಳ ನಂತರ ಕೆಲಸದಿಂದ ತೆಗೆದಾಗ ದಾವೆ ಹೂಡಿದ. ಕೇಳಿದ್ದು 499 ರೂಪಾಯಿ.

ಈ 499 ನನ್ನನ್ನು ಬಹಳ ಕಾಡಿತು. ಸವರನ್ನಿಗೆ 15 ರೂಪಾಯಿಯಂತೆ ಕಳೆದರೂ ಲೆಕ್ಕ ಕೂಡುವುದಿಲ್ಲ. 1887ರ ಕಾಯ್ದೆಯಂತೆ ಲಘು ವ್ಯವಹಾರಗಳ ನ್ಯಾಯಾಲಯದ ಮಿತಿ 500 ರೂಪಾಯಿ. ಆ ಗೆರೆಯೊಳಗೆ ಉಳಿಯಲು ಹೀಗೆ ಕೇಳಿರಬೇಕು ಎಂಬುದು ನನ್ನ ಊಹೆ. ಲೆಕ್ಕದವನಲ್ಲವೆ!

ಇನ್ನು ಗೈಡುಗಳು ಬಿಟ್ಟುಬಿಡುವ ಸಂಗತಿ. ಕೆಲವು ಕರಪತ್ರಗಳನ್ನು ಹರಿದ್ವಾರಕ್ಕೇ, ಅವನಿಗೇ ಕಳಿಸಲಾಗಿತ್ತು ಎಂದು ತೀರ್ಪು ಹೇಳುತ್ತದೆ. ಪ್ರಸ್ತಾಪ ತಿಳಿದಿರಬೇಕೆಂಬ ತತ್ವವನ್ನು ನ್ಯಾಯಮೂರ್ತಿ ಬ್ಯಾನರ್ಜಿ ಹೇಳಿದ್ದು ನಿಜ. ಆದರೆ ಭಾರ ಬಿದ್ದದ್ದು ಬೇರೆ ಕಡೆ. ಕಾಣೆಯಾದವರನ್ನು ಹುಡುಕುವುದು ಮುನೀಮನ ಮಾಮೂಲು ಕೆಲಸವಲ್ಲ ಎಂದು ಅವರೇ ಒಪ್ಪುತ್ತಾರೆ. ಆದರೂ ಹರಿದ್ವಾರಕ್ಕೆ ಹೋಗಲು ಒಪ್ಪಿದಾಗಲೇ ಆ ಹೊಣೆ ಅವನ ಮೇಲೆ ಬಂತು, ಬಹುಮಾನ ಘೋಷಿಸುವ ಮೊದಲೇ ಬಂದ ಹೊಣೆಗೆ ಬಹುಮಾನ ಕೇಳುವಂತಿಲ್ಲ ಎನ್ನುತ್ತಾರೆ.

ಅಚ್ಚು ಹಾಕಿಸಿ ಹಂಚಿದ ಕಾಗದದಲ್ಲಿ ಮುನೀಮನ ಪಾಲಿಗೆ ಕರಾರು ಹುಟ್ಟಲಿಲ್ಲ. ಧಣಿ ‘ಹೋಗು’ ಎಂದಾಗ ರೈಲು ಹತ್ತಿದ್ದರಲ್ಲಿ ಹೊಣೆ ಹುಟ್ಟಿತು. ಕಾನೂನಿನ ತರ್ಕದಲ್ಲಿ ತಪ್ಪು ತೆಗೆಯುವುದು ಕಷ್ಟ. ನನಗೆ ಅರಗದಿರುವುದು ‘ಒಪ್ಪಿದ’ ಎಂಬ ಕ್ರಿಯಾಪದ. ‘ಒಲ್ಲೆ’ ಎಂದಿದ್ದರೆ ಆ ಆರು ತಿಂಗಳ ನೌಕರಿಯಾದರೂ ಉಳಿಯುತ್ತಿತ್ತೇ? ಆ ಪ್ರಶ್ನೆಯನ್ನು ತೀರ್ಪು ಎತ್ತುವುದೇ ಇಲ್ಲ.

ಇದೇ ಹೈಕೋರ್ಟಿಗೆ 1925ರಲ್ಲಿ ಇಂಥದೇ ಇನ್ನೊಂದು ವ್ಯಾಜ್ಯ ಬಂತು, ಹರಭಜನ್ ಲಾಲ್ ಮತ್ತು ಹರಚರಣ್ ಲಾಲ್ ನಡುವಿನದು. ಹುಡುಗನನ್ನು ಹುಡುಕಿ ಮನೆಗೆ ತಂದವರಿಗೆ 500 ರೂಪಾಯಿ ಎಂದು ಕರಪತ್ರ. ಅದನ್ನು ಬಲ್ಲ ಹೊರಗಿನವನೊಬ್ಬ ಹುಡುಗನನ್ನು ಧರ್ಮಶಾಲೆಯಲ್ಲಿ ಕಂಡು, ರೈಲ್ವೆ ಪೊಲೀಸರಿಗೆ ಒಪ್ಪಿಸಿ, ತಂದೆಗೆ ತಂತಿ ಕೊಟ್ಟ. ಮನೆಗೆ ತಂದು ಬಿಟ್ಟಿಲ್ಲವಲ್ಲ ಎಂದು ತಂದೆ ತಗಾದೆ ತೆಗೆದರೂ ನ್ಯಾಯಾಲಯ ಬಹುಮಾನ ಕೊಡಿಸಿತು. ಅವನಿಗೆ ಹುಡುಗನ ಮನೆಯಲ್ಲಿ ನೌಕರಿ ಇರಲಿಲ್ಲ.