ಹೊನ್ನಾವರದ ತಿಮ್ಮೋಜ

ಗರಡಿಯಲ್ಲಿ ಸಾಮು ಮಾಡಿ ಬೆಳೆದ ಜಟ್ಟಿ, ಯುದ್ಧ ಬಂದಾಗ ಅರಸರ ದಂಡಿಗೆ ಸೇರಿ ಸೈನಿಕನಾದ ಕಥೆಗಳನ್ನು ನೀವು ಕೇಳಿದ್ದೀರಿ. ನಮ್ಮ ಉತ್ತರ ಕನ್ನಡದ ಕರಾವಳಿಯಲ್ಲಿಯೂ ಅಂಥವನೊಬ್ಬನಿದ್ದ. ಅವನ ಗರಡಿ ಮಾತ್ರ ಕಡಲು. ಪೋರ್ಚುಗೀಜರು ಅವನನ್ನು ತಿಮೋಜನೆಂದು ಬರೆದಿಟ್ಟಿದ್ದಾರೆ. ನಮ್ಮ ಬಾಯಲ್ಲಿ ಅದು ತಿಮ್ಮೋಜನೆಂದೇ ಇದ್ದಿರಬೇಕು. ಬೇಲೂರಿನ ಶಿಲ್ಪಿ ದಾಸೋಜನ ಹೆಸರಿನಲ್ಲಿರುವ ‘ಓಜ’ ಇಲ್ಲಿಯೂ ಇದೆಯೆಂದು ನನ್ನಂಥ ಪಂಡಿತನಿಗೆ ಅನ್ನಿಸಿದರೆ ಓದುಗರು ಮನ್ನಿಸಬೇಕು.

ಅವನ ಕಸುಬು ತಿಳಿಯಬೇಕಾದರೆ ಕುದುರೆಗಳ ಮಾತು ತಿಳಿಯಬೇಕು. ವಿಜಯನಗರದ ರಾವುತರಿಗೆ ಅರಬ್ಬಿ ಕುದುರೆಗಳು ಬೇಕು. ಅವು ಬರುವುದು ಹೊರ್ಮುಜಿನಿಂದ, ಹಡಗಿನಲ್ಲಿ. ಭಟಕಳ, ಹೊನ್ನಾವರಗಳು ಆ ಕುದುರೆಗಳಿಳಿಯುವ ರೇವುಗಳು. 1472ರಲ್ಲಿ ಮಹಮೂದ್ ಗವಾನ್ ಗೋವೆಯನ್ನು ಗೆದ್ದ ಮೇಲೆ ಅದು ಬಹಮನಿಗಳ, ಅನಂತರ ಬಿಜಾಪುರದ ಕೈಸೇರಿತು. ಕುದುರೆಯ ಹಡಗು ಯಾವ ರೇವಿಗೆ ಹೋಗಬೇಕೆಂಬುದೇ ಜಗಳದ ಬೇರು. ಗೋವೆಗೆ ಹೋಗುವ ಹಡಗುಗಳನ್ನು ತಡೆದು ದೋಚುವುದು, ನಮ್ಮ ರೇವುಗಳಿಗೆ ತಿರುಗಿಸುವುದು ತಿಮ್ಮೋಜನ ಉದ್ಯೋಗ. ಕುಮಟೆಯ ಬಳಿಯ ಅಘನಾಶಿನಿಯ ಅಳಿವೆ, ಹೊನ್ನಾವರದ ಶರಾವತಿಯ ಅಳಿವೆ ನೋಡಿದವರಿಗೆ ಹಗುರ ದೋಣಿಗಳು ಎಲ್ಲಿ ಅಡಗುತ್ತಿದ್ದುವೆಂದು ಹೇಳಬೇಕಾಗಿಲ್ಲ. ದೋಚಿಸಿಕೊಂಡ ವರ್ತಕರ ಪಾಲಿಗೆ ಅವನು ಬರಿಯ ಕಡಲುಗಳ್ಳ. ಆ ಮಾತನ್ನೂ ಮರೆಮಾಚಬಾರದು.

1498ರಲ್ಲಿ ವಾಸ್ಕೋ ಡ ಗಾಮಾ ಅಂಜದೀವದಲ್ಲಿ ತಂಗಿದ್ದಾಗ, ದೋಣಿಗಳನ್ನು ಒಂದಕ್ಕೊಂದು ಬಿಗಿದು, ಮೇಲೆ ಸೊಪ್ಪು ಹೊದಿಸಿ, ತೇಲುವ ತೋಪಿನಂತೆ ಇವನು ಬಂದನೆಂದು ಪೋರ್ಚುಗೀಜ್ ಇತಿಹಾಸಕಾರರು ಬರೆಯುತ್ತಾರೆ. ತೋಪುಗಳು ಗರ್ಜಿಸಿದುವು, ಸೊಪ್ಪು ಚದುರಿತು. 1505ರಲ್ಲಿ ಅಲ್ಮೇಡಾ ಹೊನ್ನಾವರದ ಹಡಗುಗಳನ್ನು ಸುಟ್ಟಾಗ ಸಂಧಿಯ ಮಾತಿಗೆ ನಿಂತವನೂ ಇವನೇ. ಆ ಬೆಂಕಿಯನ್ನು ಕಂಡವನು, ಈ ಫಿರಂಗಿಗಳೊಡನೆ ಹೋರಾಡುವುದಕ್ಕಿಂತ ಅವರನ್ನು ಬಿಜಾಪುರದ ಮೇಲೆ ತಿರುಗಿಸುವುದು ಲೇಸೆಂದು ಬಗೆದಿರಬೇಕು.

ಆ ಅವಕಾಶ 1510ರಲ್ಲಿ ಒದಗಿತು. ಕೆಂಪು ಸಮುದ್ರಕ್ಕೆಂದು 23 ಹಡಗುಗಳೊಡನೆ ಹೊರಟಿದ್ದ ಆಲ್ಬುಕರ್ಕನನ್ನು ತಡೆದು, ಗೋವೆಯನ್ನು ಹಿಡಿಯಲು ಇದೇ ಸಮಯವೆಂದು ತಿಮ್ಮೋಜ ಹೇಳಿದ. ಅವನ ಜನ ಕಾಳಿನದಿಯ ಬಾಯಿಯ ಚಿತ್ತಾಕುಲದ ಕೋಟೆಯನ್ನು ಮುರಿದರು. ಫೆಬ್ರವರಿ 17ರಂದು ಗೋವೆ ಶರಣಾಯಿತು. ಹೀಗೆ ಕಡಲುಗಳ್ಳ ಸೇನಾನಿಯಾದ. ನಗರ ತನಗೇ ಗುತ್ತಿಗೆಗೆ ಸಿಕ್ಕೀತೆಂದು ಅವನ ಆಸೆ. ಸಿಕ್ಕಿದ್ದು ಠಾಣೆದಾರಿಕೆ, ಕಂದಾಯ ವಸೂಲಿ.

ಮೇ ತಿಂಗಳಲ್ಲಿ ಆದಿಲಶಾಹಿ ದಂಡು ಊರನ್ನು ಮರಳಿ ಪಡೆಯಿತು. ಮಳೆಗಾಲವಿಡೀ ಪೋರ್ಚುಗೀಜರು ಮಾಂಡವಿಯ ಹೊಳೆಯಲ್ಲಿ ಹಡಗುಗಳ ಮೇಲೆ ಹಸಿದು ಕುಳಿತರು. ನವೆಂಬರಿನಲ್ಲಿ ಆಲ್ಬುಕರ್ಕ ಮತ್ತೆ ಬಂದಾಗ ತಿಮ್ಮೋಜ ಹೊನ್ನಾವರದಲ್ಲಿ ಮದುವೆಯ ಸಡಗರದಲ್ಲಿದ್ದ. 25ರಂದು, ಅವನಿಗಾಗಿ ಕಾಯದೆ, ಊರಿಗೆ ಲಗ್ಗೆಯಿಟ್ಟರು. ಅವನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನನ್ನು ದೇಶದ್ರೋಹಿಯೆನ್ನುವವರುಂಟು. ನಾನು ಒಪ್ಪಲಾರೆ, ಅವನಿಗೆ ದೇಶವೆಂದರೆ ತನ್ನ ರೇವು, ಹಗೆಯೆಂದರೆ ಬಿಜಾಪುರ. ಲೆಕ್ಕ ತಪ್ಪಿತೆಂದರೆ ಒಪ್ಪುತ್ತೇನೆ.

ಮುಂದೆ ಗೋವೆಯ ಸುತ್ತಣ ನೆಲದ ಕಂದಾಯವನ್ನು ಅವನಿಗೂ ಹೊನ್ನಾವರದ ರಾಜಬಂಧು ಮಲ್ಹಾರರಾಯನಿಗೂ ವಹಿಸಿದರು. ಬಿಜಾಪುರದ ಸೈನ್ಯದೆದುರು ಸೋತು ತಿಮ್ಮೋಜ ವಿಜಯನಗರಕ್ಕೆ ಓಡಿ, ಅಲ್ಲಿಯೇ ತೀರಿಕೊಂಡ. ಇತ್ತ ಆಲ್ಬುಕರ್ಕ ಕುದುರೆಯ ಹಡಗುಗಳೆಲ್ಲ ಗೋವೆಗೇ ಬರಬೇಕೆಂದು ಕಟ್ಟು ಮಾಡಿದ. ಭಟಕಳದ ರೇವಿಗೆ ಕುದುರೆ ಇಳಿಯುವುದು ಕಡಿಮೆಯಾಯಿತು.